ಹೊಸ ಕ್ಯಾಮೆರಾ ಬಂದಿದೆ. ಕಡಿಮೆ ಖರ್ಚಿನಲ್ಲಿ ಫೋಟೋ ತಿದ್ದಲು ಯಾವ ತಂತ್ರಾಂಶ ಒಳ್ಳೆಯದು?

ಸಾಗರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಇಷ್ಟು ವರ್ಷ ಮೊಬೈಲ್‌ನಲ್ಲಿಯೇ ಚಿತ್ರ ತೆಗೆಯುತ್ತಿದ್ದವನು ಈ ದೀಪಾವಳಿಗೆ ನಿಕಾನ್ ಝಡ್50 ಕೊಂಡೆ. ಅಂಗಡಿಯಲ್ಲಿ ಉಳಿದಿದ್ದ ಹಳೆಯ ದಾಸ್ತಾನು, ಆದ್ದರಿಂದ ನನ್ನ ಕೈಗೆಟುಕಿತು. 16–50 ಮತ್ತು 50–250 ಎಂಎಂ ಲೆನ್ಸ್ ಎರಡೂ ಜೊತೆಗೆ ಬಂದಿವೆ.

ನನ್ನ ಆಸೆ ಒಂದೇ. ನಮ್ಮ ಸೀಮೆಯ ಬಡಗುತಿಟ್ಟಿನ, ಎಂದರೆ ಉತ್ತರದ ಶೈಲಿಯ, ಯಕ್ಷಗಾನದ ಆಟಗಳನ್ನು, ಅದರಲ್ಲೂ ವಯಸ್ಸಾದ ಕಲಾವಿದರನ್ನು, ಚಿತ್ರಗಳಲ್ಲಿ ಉಳಿಸಬೇಕು. ಮೇಳಗಳ ತಿರುಗಾಟ ಶುರುವಾಗಿದೆ. ಮೊದಲ ಆಟದಲ್ಲಿ ಬೆಳಗಿನವರೆಗೆ ಕುಳಿತು ಸುಮಾರು 400 ಚಿತ್ರ ತೆಗೆದೆ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನೋಡಿದಾಗ ಎದೆ ಒಡೆಯಿತು. ವೇಷಧಾರಿಗಳು ಉಡುವ ಕಸೆ ಸೀರೆಯ ಚೌಕುಳಿಗಳೇ ಕಾಣುತ್ತಿಲ್ಲ, ಎಲ್ಲವೂ ಕೆಂಪು ಮುದ್ದೆ. ಮುಖಗಳು ಕೆಲವು ನೀಲಿ, ಕೆಲವು ಹಸಿರು. ದೂರದಿಂದ ತೆಗೆದ ಚಿತ್ರಗಳ ತುಂಬ ರವೆ ಚೆಲ್ಲಿದ ಹಾಗೆ ಕಾಳುಕಾಳು.

ಇವನ್ನು ತಿದ್ದಲು ಯಾವ ತಂತ್ರಾಂಶ ಕೊಳ್ಳಲಿ? ನನ್ನಲ್ಲಿರುವುದು 8 ಜಿಬಿ ರ್‍ಯಾಮ್‌ನ, ಐದು ವರ್ಷ ಹಳೆಯ ವಿಂಡೋಸ್ ಲ್ಯಾಪ್‌ಟಾಪ್. ಕ್ಯಾಮೆರಾದ ಕಂತು ಇನ್ನೂ ಕಟ್ಟುತ್ತಿದ್ದೇನೆ.

ಹಾವೇರಿ ಸ್ಟುಡಿಯೋ

ಮೇಷ್ಟ್ರೇ, ತಂತ್ರಾಂಶದ ಮಾತಿಗೆ ಮೊದಲು ಒಂದು ಪ್ರಶ್ನೆ. ಆ 400 ಚಿತ್ರಗಳನ್ನು ರಾ ರೂಪದಲ್ಲಿ, ಎಂದರೆ ಕ್ಯಾಮೆರಾ ಕಂಡದ್ದನ್ನು ತಿದ್ದದೆ ಹಾಗೆಯೇ ಉಳಿಸುವ ಕಡತವಾಗಿ, ತೆಗೆದಿರೋ, ಬರೀ ಜೆಪೆಗ್‌ನಲ್ಲೋ? ಕ್ಯಾಮೆರಾದ ಮೆನುವಿನಲ್ಲಿ ರಾ ರೂಪವನ್ನು ಎನ್‌ಇಎಫ್ ಎಂದು ಬರೆದಿರುತ್ತಾರೆ. ಬರೀ ಜೆಪೆಗ್ ಆಗಿದ್ದರೆ ಎಷ್ಟು ದುಬಾರಿಯ ತಂತ್ರಾಂಶ ತಂದರೂ ಆ ಚೌಕುಳಿಗಳು ತಿರುಗಿ ಬರುವುದು ಕಷ್ಟ.

ಕಾರಣ ಹೇಳುತ್ತೇನೆ. ಜೆಪೆಗ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲುಗಳಷ್ಟೇ. 14 ಬಿಟ್‌ನ ರಾ ಕಡತದಲ್ಲಿ ಅದೇ 16,384 ಮೆಟ್ಟಿಲು. ನಿಮ್ಮ ಕ್ಯಾಮೆರಾ ಜೆಪೆಗ್ ಮಾಡುವಾಗ ಬಣ್ಣ ಗಾಢವಾಗಲಿ ಎಂದು ಕೆಂಪನ್ನು ಮೇಲಕ್ಕೆ ಎತ್ತುತ್ತದೆ. ವೇಷದ ಕೆಂಪು ಮೊದಲೇ ಗಾಢ, ಅದರ ಮೇಲೆ ರಂಗಸ್ಥಳದ ಎಲ್‌ಇಡಿ ದೀಪ. ಎಲ್ಲ ಕೆಂಪುಗಳೂ ಕೊನೆಯ ಮೆಟ್ಟಿಲಿಗೆ ಹೋಗಿ ಗುಂಪಾಗಿ ನಿಂತುಬಿಡುತ್ತವೆ. ಚೌಕುಳಿಯ ಗೆರೆ ಉಳಿಯುವುದಾದರೂ ಎಲ್ಲಿ?

ನಾನು ಮೂವತ್ತು ವರ್ಷಕ್ಕೂ ಮೇಲೆ ಸ್ಟುಡಿಯೋ ನಡೆಸಿದವನು. ಕೆಂಪು ಬಲ್ಬಿನ ಕೆಳಗೆ ಎನ್‌ಲಾರ್ಜರ್ ಮುಂದೆ ನಿಂತು, ಮದುಮಗಳ ಮುಖ ಕಪ್ಪಾಗದಿರಲಿ ಎಂದು ಆ ಭಾಗಕ್ಕೆ ಕೈ ಅಡ್ಡ ಹಿಡಿಯುತ್ತಿದ್ದೆವು. ಬಿಳುಚಿದ ಆಕಾಶಕ್ಕೆ ಇನ್ನೂ ನಾಲ್ಕು ಸೆಕೆಂಡು ಬೆಳಕು ಬಿಡುತ್ತಿದ್ದೆವು. ಡಾಡ್ಜಿಂಗ್, ಬರ್ನಿಂಗ್ ಎಂದು ಈಗಲೂ ತಂತ್ರಾಂಶಗಳಲ್ಲಿ ಇರುವ ಹೆಸರುಗಳು ಆ ಕೈಗೆಲಸದವೇ. ನೆಗೆಟಿವ್‌ನಲ್ಲಿ ಇಲ್ಲದ್ದನ್ನು ಕಾಗದದ ಮೇಲೆ ಯಾರೂ ತರಲಿಲ್ಲ. ರಾ ಕಡತವೇ ನಿಮ್ಮ ನೆಗೆಟಿವ್. ಅದನ್ನು ಉಳಿಸಿಕೊಂಡಿದ್ದರೆ ಹತ್ತು ವರ್ಷ ಬಿಟ್ಟು ಇನ್ನೂ ಒಳ್ಳೆಯ ಪ್ರಿಂಟ್ ತೆಗೆಯಬಹುದು.

ನೀವು ಸದ್ಯಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ನಿಕಾನ್‌ನವರೇ 2021ರಿಂದ ಎನ್‌ಎಕ್ಸ್ ಸ್ಟುಡಿಯೋ ಎಂಬ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತಿದ್ದಾರೆ. ಅವರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಕ್ಯಾನನ್‌ನವರಿಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ಸೋನಿಯವರಿಗೆ ಇಮೇಜಿಂಗ್ ಎಡ್ಜ್ ಇವೆ. ಕ್ಯಾಮೆರಾ ಕೊಂಡವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ.

ಸಾಗರದ ಮೇಷ್ಟ್ರು

ಸರ್, ಅರ್ಧ ರಾತ್ರಿ ಜೆಪೆಗ್ ಮಾತ್ರ. ಎರಡನೆಯ ಪ್ರಸಂಗದ ಹೊತ್ತಿಗೆ ಏನೋ ಒತ್ತಿದ್ದರಿಂದ ರಾ ಮತ್ತು ಜೆಪೆಗ್ ಎರಡೂ ದಾಖಲಾಗಿವೆ. ಸುಮಾರು 170 ಚಿತ್ರಗಳಿಗೆ ಎನ್‌ಇಎಫ್ ಇದೆ. ಎನ್‌ಎಕ್ಸ್ ಸ್ಟುಡಿಯೋ ಇಳಿಸಿಕೊಳ್ಳುತ್ತಿದ್ದೇನೆ.

ಮೈಸೂರಿನ ಹಕ್ಕಿಪ್ರೇಮಿ

ಹಾವೇರಿ ಸರ್ ಹೇಳಿದ್ದು ಸರಿಯಾದ ಆರಂಭ. ಆದರೂ ಅಡೋಬಿಯವರ ಲೈಟ್‌ರೂಮ್ ತಂತ್ರಾಂಶದ ಪರವಾಗಿ ನಾನು ಮಾತಾಡಲೇಬೇಕು, ಏಕೆಂದರೆ ನಾನು ಅದಕ್ಕೆ ವರ್ಷವರ್ಷವೂ ಹಣ ಕಟ್ಟುತ್ತೇನೆ ಮತ್ತು ಕಟ್ಟಿದ್ದಕ್ಕೆ ಪಶ್ಚಾತ್ತಾಪವಿಲ್ಲ.

ರಂಗನತಿಟ್ಟಿಗೆ ಹೋದ ದಿನ ಸಾವಿರ ಚಿತ್ರ ತರುತ್ತೇನೆ. ಕೊಕ್ಕರೆ ರೆಕ್ಕೆ ಬಿಚ್ಚಿದ ಕ್ಷಣಕ್ಕೆ ಇಪ್ಪತ್ತು ಚಿತ್ರ, ಬೇಕಾಗುವುದು ಒಂದು. ಆರಿಸುವುದು, ಗುರುತು ಹಾಕುವುದು, ಒಂದಕ್ಕೆ ಮಾಡಿದ ತಿದ್ದುಪಡಿಯನ್ನು ಉಳಿದವಕ್ಕೆ ದಾಟಿಸುವುದು, ಹಕ್ಕಿಯನ್ನು ಮಾತ್ರ ತಾನಾಗಿ ಗುರುತಿಸಿ ಹಿನ್ನೆಲೆ ಬಿಟ್ಟು ತಿದ್ದುವುದು, ಇವೆಲ್ಲ ಅಲ್ಲಿ ಬಹಳ ಸಲೀಸು. 2023ರಲ್ಲಿ ಬಂದ ಎಐ ಡಿನಾಯ್ಸ್ ಅಂತೂ ನಸುಕಿನ ಬೆಳಕಿನ ನನ್ನ ಹಳೆಯ ಚಿತ್ರಗಳಿಗೆ ಮರುಜೀವ ಕೊಟ್ಟಿದೆ. ಮೇಷ್ಟ್ರು ಹೇಳಿದ ಕಾಳುಕಾಳಿಗೆ ನಾನು ಕಂಡ ಮದ್ದುಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ಎಚ್ಚರಿಕೆಯನ್ನೂ ಹೇಳಬೇಕು. ಆ ಡಿನಾಯ್ಸ್‌ಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಚಿತ್ರಕ್ಕೂ ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿದೀತು.

ಸಾಗರದ ಮೇಷ್ಟ್ರು

ಮೇಡಂ, ಒಂದು ವೇಳೆ ಎರಡು ವರ್ಷ ಕಟ್ಟಿ ಆಮೇಲೆ ಆಗಲಿಲ್ಲ ಎಂದು ನಿಲ್ಲಿಸಿದರೆ ಅಷ್ಟು ದಿನ ತಿದ್ದಿದ್ದೆಲ್ಲ ಏನಾಗುತ್ತದೆ? ಮಗಳು ಮುಂದಿನ ವರ್ಷ ಪಿಯುಸಿಗೆ ಹೋಗುತ್ತಾಳೆ. ಆಗ ಮನೆಯ ಲೆಕ್ಕ ಹೇಗಿರುತ್ತದೆಯೋ ಈಗಲೇ ಹೇಳಲಾರೆ.

ಮೈಸೂರಿನ ಹಕ್ಕಿಪ್ರೇಮಿ

ಚಿತ್ರಗಳು ನಿಮ್ಮ ಡಿಸ್ಕ್‌ನಲ್ಲಿಯೇ ಇರುತ್ತವೆ, ಅವನ್ನು ಯಾರೂ ಕಸಿಯುವುದಿಲ್ಲ. ಲೈಟ್‌ರೂಮ್ ಕ್ಲಾಸಿಕ್ ತೆರೆಯುತ್ತದೆ, ಹಳೆಯ ಚಿತ್ರಗಳನ್ನು ನೋಡಬಹುದು, ಜೆಪೆಗ್ ಆಗಿ ಹೊರತೆಗೆಯಬಹುದು. ಆದರೆ ತಿದ್ದುವ ಡೆವಲಪ್ ವಿಭಾಗ ಮುಚ್ಚಿಕೊಳ್ಳುತ್ತದೆ. ಮೊದಲು ಒಮ್ಮೆಗೇ ಹಣ ಕೊಟ್ಟು ಕೊಳ್ಳುವ ಲೈಟ್‌ರೂಮ್ ಇತ್ತು. 2015ರಲ್ಲಿ ಬಂದ ಆರನೆಯ ಆವೃತ್ತಿಯೇ ಅದರಲ್ಲಿ ಕೊನೆಯದು. ಈಗ ಚಂದಾ ಬಿಟ್ಟರೆ ಬೇರೆ ದಾರಿಯಿಲ್ಲ. ನಿಮ್ಮ ಮನೆಯ ಲೆಕ್ಕ ಓದಿದ ಮೇಲೆ ನಾನೂ ಹೇಳುತ್ತೇನೆ, ಈಗ ಬೇಡ. ತಿಂಗಳಿಗೊಂದರಂತೆ ಐದು ವರ್ಷ ಎಂದರೆ ಅರವತ್ತು ಕಂತು.

ದಾವಣಗೆರೆ ಕ್ಲಿಕ್

ಇಷ್ಟೆಲ್ಲ ಏಕೆ? ಫೋಟೋಶಾಪ್, ಲೈಟ್‌ರೂಮ್ ಎರಡರ ಕ್ರ್ಯಾಕ್ ಪ್ರತಿಗಳೂ ಸಿಗುತ್ತವೆ. ಪೆನ್‌ಡ್ರೈವ್ ಕೊಟ್ಟರೆ ಹಾಕಿಕೊಡುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ನಾನು ಹಾಗೆಯೇ ಕಲಿತದ್ದು.

ಹಾವೇರಿ ಸ್ಟುಡಿಯೋ

ತಮ್ಮಾ, ಸಿಟ್ಟಾಗಬೇಡ, ಆದರೆ ಈ ಸಲಹೆಯನ್ನು ಯಾರಿಗೂ ಕೊಡಬೇಡ. ನನ್ನ ಗೆಳೆಯನೊಬ್ಬ ಹಾಗೆ ಹಾಕಿಸಿಕೊಂಡ ಪ್ರತಿಯ ಜೊತೆಗೆ ವೈರಸ್ ಬಂತು. ಒಂದು ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಎಲ್ಲ ಕಡತಗಳಿಗೂ ಬೀಗ, ಹಣ ಕೊಟ್ಟರೆ ಬಿಡುತ್ತೇವೆ ಎಂಬ ಸೂಚನೆ. ಎರಡು ಮದುವೆಗಳ ಚಿತ್ರಗಳು ಹೋದವು. ಒಂದು ಮದುವೆಯ ಹುಡುಗನ ತಂದೆ ಆಮೇಲೆ ಮೂರು ತಿಂಗಳಲ್ಲಿ ತೀರಿಕೊಂಡಿದ್ದರು. ಅವರ ಕೊನೆಯ ಒಳ್ಳೆಯ ಫೋಟೋ ಆ ಆಲ್ಬಮ್‌ನಲ್ಲಿತ್ತು. ಆ ಮನೆಯ ಬಾಗಿಲಿಗೆ ಹೋಗಿ ಕ್ಷಮೆ ಕೇಳುವಾಗ ನಾನೂ ಗೆಳೆಯನ ಜೊತೆ ನಿಂತಿದ್ದೆ. ಉಚಿತವಾಗಿ, ನ್ಯಾಯವಾಗಿ ಸಿಗುವ ಇಷ್ಟೊಂದು ಒಳ್ಳೆಯ ತಂತ್ರಾಂಶಗಳು ಇರುವಾಗ ಆ ಗತಿ ಯಾರಿಗೂ ಬೇಡ.

ಕಾಸರಗೋಡಿನ ಟೀಚರ್

ಹಾವೇರಿಯ ಹಿರಿಯರ ಮಾತಿಗೆ ನನ್ನ ಪೂರ್ಣ ಸಮ್ಮತಿ. ನಮ್ಮ ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳು ಪ್ರೌಢಶಾಲೆಯಲ್ಲಿಯೇ ಗಿಂಪ್ ಎಂಬ ಚಿತ್ರ ತಿದ್ದುವ ಉಚಿತ ತಂತ್ರಾಂಶ ಕಲಿಯುತ್ತಾರೆ. ಕೇರಳದ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ, ಅದರೊಳಗೆ ಗಿಂಪ್ ಇದೆ. ಸರ್ಕಾರ ಯಾವ ಕಂಪೆನಿಗೂ ಪರವಾನಗಿಯ ಹಣ ಕಟ್ಟಬೇಕಿಲ್ಲ. ಹದಿಮೂರು ವರ್ಷದ ಹುಡುಗಿ ಪದರಗಳನ್ನು ಜೋಡಿಸಿ ಶಾಲೆಯ ವಾರ್ಷಿಕೋತ್ಸವದ ಪೋಸ್ಟರ್ ಮಾಡುವುದನ್ನು ನಾನೇ ಕಂಡಿದ್ದೇನೆ. ಗಿಂಪ್ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಬ್ಬರು 1995ರಲ್ಲಿ ಶುರುಮಾಡಿದ ಕೆಲಸ. 2025ರ ಮಾರ್ಚ್‌ನಲ್ಲಿ ಮೂರನೆಯ ಆವೃತ್ತಿ ಬಂದಿದೆ. ಹಾಕಿದ ಫಿಲ್ಟರ್‌ಗಳನ್ನು ಆಮೇಲೆ ಬದಲಿಸುವ ಅನುಕೂಲ ಅದರಲ್ಲಿದೆ.

ಮೇಷ್ಟ್ರು ಕನ್ನಡದವರಾದ್ದರಿಂದ ಇನ್ನೊಂದು ಮಾತು. ಚಿತ್ರದ ಮೇಲೆ ಪ್ರಸಂಗದ ಹೆಸರು, ಪಾತ್ರದ ಹೆಸರು ಬರೆಯಬೇಕಾದೀತು. ಗಿಂಪ್‌ನಲ್ಲಿ ಯೂನಿಕೋಡ್ ಕನ್ನಡ ನೇರವಾಗಿ ಮೂಡುತ್ತದೆ, ಒತ್ತಕ್ಷರ ಒಡೆಯುವುದಿಲ್ಲ. ಹಳೆಯ ಫೋಟೋಶಾಪ್‌ಗಳಲ್ಲಿ ‘ರಾಷ್ಟ್ರ’ ಎಂದು ಬರೆದರೆ ಅಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು. ಅದಕ್ಕಾಗಿಯೇ ಎಷ್ಟೋ ಸ್ಟುಡಿಯೋಗಳು ಇಂದಿಗೂ ನುಡಿ, ಬರಹದ ಹಳೆಯ ಫಾಂಟ್‌ಗಳನ್ನು ಬಿಟ್ಟಿಲ್ಲ. ಚಿತ್ರ ತಿದ್ದುವ ಇನ್ನೊಂದು ತಂತ್ರಾಂಶವಾದ ಅಫಿನಿಟಿ ಫೋಟೋದ ಎರಡನೆಯ ಆವೃತ್ತಿಯಲ್ಲಿಯೂ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ. ಭಾಷೆಯ ಅಕ್ಷರಗಳನ್ನೇ ಸರಿಯಾಗಿ ತೋರಿಸದ ತಂತ್ರಾಂಶ ನಮಗೆ ಅರ್ಧ ತಂತ್ರಾಂಶವೇ.

ಗಿಂಪ್ ತಾನಾಗಿ ರಾ ಕಡತ ತೆರೆಯುವುದಿಲ್ಲ ಎಂಬುದು ನೆನಪಿರಲಿ. ಡಾರ್ಕ್‌ಟೇಬಲ್ ಅಥವಾ ರಾ ಥೆರಪಿ ಜೊತೆಗಿರಬೇಕು. ಅವೂ ಉಚಿತವೇ.

ನಮ್ಮ ತೆಂಕಿನ, ಎಂದರೆ ದಕ್ಷಿಣದ ಶೈಲಿಯ, ಆಟಗಳಲ್ಲಿ ಬಣ್ಣದ ವೇಷದ ಚುಟ್ಟಿಯದು ಇದೇ ಗೋಳು. ಮುಖದ ಮೇಲೆ ಅಕ್ಕಿಹಿಟ್ಟಿನ ಆ ಬಿಳಿ ಮುಳ್ಳುಗಳನ್ನು ಕಲಾವಿದರು ಗಂಟೆಗಟ್ಟಲೆ ಕುಳಿತು ಒಂದೊಂದಾಗಿ ಇಡುತ್ತಾರೆ. ಚಿತ್ರದಲ್ಲಿ ನೋಡಿದರೆ ಸುಣ್ಣ ಬಳಿದ ಹಾಗೆ ಬರೀ ಬಿಳಿ. ನಾನು ಒಂದು ಸ್ಟಾಪ್, ಎಂದರೆ ಅರ್ಧದಷ್ಟು, ಕಡಿಮೆ ಬೆಳಕಿನಲ್ಲಿ ತೆಗೆದು, ಆಮೇಲೆ ಕತ್ತಲ ಭಾಗವನ್ನು ಮೇಲೆತ್ತುತ್ತೇನೆ.

ಬೆಂಗಳೂರಿನಲ್ಲಿರುವ ಕುಂದಾಪುರದವನು

ಆಟದ ಚಿತ್ರ ಎಂದು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ. ನಾನು ಆರು ವರ್ಷದಿಂದ ಡಾರ್ಕ್‌ಟೇಬಲ್‌ನಲ್ಲಿಯೇ ಯಕ್ಷಗಾನದ ಚಿತ್ರ ತಿದ್ದುತ್ತಿದ್ದೇನೆ. ಕ್ರಮವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಡಾರ್ಕ್‌ಟೇಬಲ್ ಮೊದಲ ದಿನ ಹೆದರಿಸುತ್ತದೆ. ತಿದ್ದುವ ಹತ್ತಾರು ಉಪಕರಣಗಳು (ಮಾಡ್ಯೂಲ್‌ಗಳು), ಯಾವುದನ್ನು ಮುಟ್ಟಬೇಕು ಎಂದೇ ತಿಳಿಯುವುದಿಲ್ಲ. ಐದೇ ಸಾಕು.

ಮೊದಲು ವೈಟ್ ಬ್ಯಾಲೆನ್ಸ್, ಎಂದರೆ ಬಿಳಿಯದು ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು. ಬಡಗಿನಲ್ಲಿ ಒಂದು ಅನುಕೂಲವಿದೆ: ಹಿಂದೆ ಕುಳಿತ ಭಾಗವತರ ಬಿಳಿ ಪಂಚೆ. ವೇಷಧಾರಿಯ ಮೇಲೆ ಬೀಳುವ ಬೆಳಕೇ ಅವರ ಮೇಲೂ ಬಿದ್ದಿದ್ದರೆ, ಆ ಪಂಚೆಯ ಮೇಲೆ ಬಣ್ಣ ಆರಿಸುವ ಪಿಕರ್ ಇಟ್ಟು ಒತ್ತಿ. ನೀಲಿ ಮುಖ ಮನುಷ್ಯರ ಮುಖವಾಗುತ್ತದೆ. ಪೂರ್ತಿ ತಟಸ್ಥ ಮಾಡಬೇಡಿ, ರಾತ್ರಿಯ ಬೆಚ್ಚನೆ ಸ್ವಲ್ಪ ಉಳಿಯಲಿ.

ಎರಡನೆಯದು ಎಕ್ಸ್‌ಪೋಷರ್, ಎಂದರೆ ಚಿತ್ರದ ಒಟ್ಟು ಬೆಳಕು. ಮುಖವನ್ನು ನೋಡಿಕೊಂಡು ಹೊಂದಿಸಿ, ಕಿರೀಟದ ಹೊಳಪನ್ನು ನೋಡಿ ಅಲ್ಲ. ಮೂರನೆಯದು ಫಿಲ್ಮಿಕ್ ಅಥವಾ ಸಿಗ್ಮಾಯ್ಡ್, ಎರಡರಲ್ಲಿ ಒಂದು ಮಾತ್ರ. ಚಿತ್ರದ ಕಡು ಬೆಳಕು, ಕತ್ತಲನ್ನು ಪರದೆಗೆ ತಕ್ಕಂತೆ ಹೊಂದಿಸುವುದು ಅವುಗಳ ಕೆಲಸ. ಹೊಸಬರಿಗೆ ಸಿಗ್ಮಾಯ್ಡ್ ಸುಲಭ. ಕೆಂಪು ಮುದ್ದೆಯಾಗುವುದು ಇಲ್ಲಿಯೇ ಬಗೆಹರಿಯುತ್ತದೆ; ಸಾಲದಿದ್ದರೆ ಬಣ್ಣದ ಗಾಢತೆಯನ್ನು ಕೆಂಪಿಗೆ ಮಾತ್ರ ಹತ್ತು ಹದಿನೈದರಷ್ಟು ಇಳಿಸಿ. ನಾಲ್ಕನೆಯದು ಡಿನಾಯ್ಸ್ ಪ್ರೊಫೈಲ್ಡ್. ಹೆಸರೇ ಹೇಳುವಂತೆ ಆಯಾ ಕ್ಯಾಮೆರಾದ ಆಯಾ ಐಎಸ್‌ಒಗೆ (ಬೆಳಕಿಗೆ ಸ್ಪಂದಿಸುವ ಮಟ್ಟಕ್ಕೆ) ನಾಯ್ಸ್, ಎಂದರೆ ಆ ಕಾಳು, ಎಷ್ಟು ಎಂದು ಮೊದಲೇ ಅಳೆದಿಟ್ಟ ಲೆಕ್ಕದ ಮೇಲೆ ಅದು ಕೆಲಸ ಮಾಡುತ್ತದೆ. ಲೈಟ್‌ರೂಮ್‌ನ ಎಐ ಮಟ್ಟಕ್ಕೆ ಬರುವುದಿಲ್ಲ, ಮೈಸೂರಿನ ಮೇಡಂ ಹೇಳಿದ್ದು ನಿಜ. ಆದರೆ ಪ್ರಿಂಟ್‌ನಲ್ಲಿ ಉಳಿದ ಕಾಳು ಕಣ್ಣಿಗೆ ಹೊಡೆಯುವುದಿಲ್ಲ. ಐದನೆಯದು ಕ್ರಾಪ್. ಗೆಜ್ಜೆ ಕಟ್ಟಿದ ಪಾದವನ್ನು ಮಾತ್ರ ಕತ್ತರಿಸಬೇಡಿ ಎಂಬುದು ನನ್ನ ವಿನಂತಿ. ಕುಣಿತವಿರುವುದೇ ಪಾದದಲ್ಲಿ.

ನೀವು ಮಾಡಿದ್ದೆಲ್ಲವೂ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಪುಟ್ಟ ಕಡತದಲ್ಲಿ ಬರೆದಿರುತ್ತದೆ, ಮೂಲ ಚಿತ್ರವನ್ನು ಅದು ಮುಟ್ಟುವುದೇ ಇಲ್ಲ. ಎನ್‌ಎಕ್ಸ್ ಸ್ಟುಡಿಯೋ ಕೂಡ ತಿದ್ದುಪಡಿಗಳನ್ನು ಬೇರೆ ಕಡತದಲ್ಲಿ ಇಡುತ್ತದೆ. ಆದರೆ ಒಂದರ ತಿದ್ದುಪಡಿ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಅದಕ್ಕೇ ಆರು ತಿಂಗಳೊಳಗೆ ಒಂದನ್ನು ಆರಿಸಿಕೊಂಡುಬಿಡಿ. ಎರಡರಲ್ಲಿಯೂ ಅರ್ಧರ್ಧ ಕೆಲಸ ಮಾಡಿ ಒದ್ದಾಡಿದವನು ನಾನು.

ನಿಕಾನ್‌ನ ಝಡ್8, ಝಡ್9 ಇರುವವರು ಈ ಚರ್ಚೆ ಓದುತ್ತಿದ್ದರೆ: ಹೈ ಎಫಿಷಿಯೆನ್ಸಿ ರೂಪದ ಎನ್‌ಇಎಫ್ ಡಾರ್ಕ್‌ಟೇಬಲ್‌ನಲ್ಲಿ ತೆರೆಯದೆ ಪರದಾಡಬೇಡಿ, ಲಾಸ್‌ಲೆಸ್‌ನಲ್ಲಿ ತೆಗೆಯಿರಿ. ಝಡ್50ಯಲ್ಲಿ ಆ ತೊಂದರೆ ಇಲ್ಲ.

ತಂತ್ರಾಂಶ ಸರಿಪಡಿಸಲಾಗದ ಒಂದು ದೋಷವೂ ಇದೆ. ಎಲ್‌ಇಡಿ ದೀಪದ ಕೆಳಗೆ ಶಟರ್ ವೇಗ ಹೆಚ್ಚಿಸಿದರೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಬರಬಹುದು. ನಮ್ಮ ಕರೆಂಟು 50 ಹರ್ಟ್ಸ್. 1/100 ಅಥವಾ 1/50 ಸೆಕೆಂಡಿನಲ್ಲಿ ತೆಗೆದರೆ ಬಹುಪಾಲು ತಪ್ಪುತ್ತದೆ. ಸೈಲೆಂಟ್ ಶಟರ್ ಬಳಸಬೇಡಿ.

ಶಿರಸಿಯ ಅಡಿಕೆ ತೋಟ

ಲ್ಯಾಪ್‌ಟಾಪ್ ತೆರೆಯಲು ಪುರುಸೊತ್ತಿಲ್ಲದ ದಿನಗಳಿಗೆ ಮೊಬೈಲ್‌ನ ಸ್ನ್ಯಾಪ್‌ಸೀಡ್ ಸಾಕು, ಅದೂ ಉಚಿತ. ಮಲೆನಾಡಿನವರಾದ್ದರಿಂದ ಇನ್ನೊಂದು ಮಾತು: ಮಳೆಗಾಲ ಬರುವ ಮೊದಲೇ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ತಂದಿಡಿ. ಲೆನ್ಸ್ ಒಳಗೆ ಬೂಷ್ಟು ಹಿಡಿದರೆ ಯಾವ ತಂತ್ರಾಂಶವೂ ತೆಗೆಯಲಾರದು. ನನ್ನ ಮೊದಲ ಲೆನ್ಸ್ ಒಂದೇ ಮಳೆಗಾಲದಲ್ಲಿ ಹಾಳಾಯಿತು.

ಮೈಸೂರಿನ ಹಕ್ಕಿಪ್ರೇಮಿ

ಅಫಿನಿಟಿಯ ಹೆಸರು ಬಂದದ್ದರಿಂದ ಹೇಳುತ್ತೇನೆ. 2024ರಲ್ಲಿ ಅದನ್ನು ಕ್ಯಾನ್ವಾ ಕಂಪೆನಿಯವರು ಕೊಂಡರು, 2025ರ ಅಕ್ಟೋಬರ್‌ನಿಂದ ಕ್ಯಾನ್ವಾ ಖಾತೆ ಇದ್ದವರಿಗೆ ಉಚಿತ. ಎಐ ಸೌಲಭ್ಯಗಳಿಗೆ ಮಾತ್ರ ಚಂದಾ. ಒಂದೊಂದೇ ಚಿತ್ರವನ್ನು ಕೂತು ತಿದ್ದುವವರಿಗೆ ಚೆನ್ನಾಗಿದೆ, ಸಾವಿರ ಚಿತ್ರಗಳ ರಾಶಿಯನ್ನು ಜೋಡಿಸಿಡಲು ಅಲ್ಲ. ಆ ಕೆಲಸಕ್ಕೆ ಡಿಜಿಕ್ಯಾಮ್ ನೋಡಿ.

ಹಾವೇರಿ ಸ್ಟುಡಿಯೋ

ಮೇಷ್ಟ್ರೇ, ತಂತ್ರಾಂಶಕ್ಕೆಂದು ಎತ್ತಿಟ್ಟ ಹಣ ಏನಾದರೂ ಇದ್ದರೆ ಅದರಲ್ಲಿ ಎರಡು ಹೊರಗಿನ ಹಾರ್ಡ್‌ಡಿಸ್ಕ್ ಕೊಳ್ಳಿ. ಒಂದಲ್ಲ, ಎರಡು. ನಿಮ್ಮ ಒಂದು ಎನ್‌ಇಎಫ್ ಕಡತವೇ 20 ಎಂಬಿಯ ಆಸುಪಾಸು. ಆಟಕ್ಕೆ 400ರಂತೆ ತೆಗೆದರೆ ಒಂದು ರಾತ್ರಿಗೆ 8 ಜಿಬಿ, ತಿರುಗಾಟದ ಕಾಲಕ್ಕೆ ಮೂವತ್ತು ಆಟ ನೋಡಿದರೆ 240 ಜಿಬಿ. ಒಂದು ಡಿಸ್ಕ್ ನಿಮ್ಮ ಮನೆಯಲ್ಲಿರಲಿ, ಇನ್ನೊಂದು ತಮ್ಮನ ಮನೆಯಲ್ಲೋ ಶಾಲೆಯ ಬೀರುವಿನಲ್ಲೋ ಇರಲಿ.

ಪ್ರಿಂಟ್ ಹಾಕಿಸುವಾಗ ಎಸ್‌ಆರ್‌ಜಿಬಿ ಎಂಬ ಬಣ್ಣದ ವ್ಯವಸ್ಥೆಯಲ್ಲಿ ಜೆಪೆಗ್ ಮಾಡಿ ಲ್ಯಾಬಿಗೆ ಕೊಡಿ. ಅಡೋಬಿ ಆರ್‌ಜಿಬಿಯಲ್ಲಿ ಕೊಟ್ಟರೆ ಎಷ್ಟೋ ಕಡೆ ಬಣ್ಣ ಪೇಲವವಾಗಿ ಬರುತ್ತದೆ. ನಿಮ್ಮ ಕ್ಯಾಮೆರಾದ ಚಿತ್ರ 5568×3712 ಪಿಕ್ಸೆಲ್. ಇಂಚಿಗೆ 300ರಂತೆ ಲೆಕ್ಕ ಹಾಕಿದರೆ 18.5×12.3 ಇಂಚು. ನಮ್ಮ ಲ್ಯಾಬ್‌ಗಳಲ್ಲಿ ಎಲ್ಲ ಕಡೆ ನಡೆಯುವ 12×18 ಅಳತೆಗೆ ಹೇಳಿ ಮಾಡಿಸಿದಂತಿದೆ. ಲ್ಯಾಪ್‌ಟಾಪ್ ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ತಿದ್ದಬೇಡಿ, ಹಾಗೆ ಮಾಡಿದರೆ ಪ್ರಿಂಟ್ ಕಪ್ಪಾಗುತ್ತದೆ. ಮೊದಲು 4×6ರಲ್ಲಿ ಒಂದು ಪರೀಕ್ಷೆ ಮಾಡಿ, ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ದೊಡ್ಡದು.

ಸಾಗರದ ಮೇಷ್ಟ್ರು

ಮೂರು ವಾರದ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ನಡುವೆ ಸಿಕ್ಕಿಕೊಂಡಿದ್ದೆ.

ಸದ್ಯಕ್ಕೆ ಎನ್‌ಎಕ್ಸ್ ಸ್ಟುಡಿಯೋದಲ್ಲಿ ಇದ್ದೇನೆ. ಪಿಕ್ಚರ್ ಕಂಟ್ರೋಲ್‌ನಲ್ಲಿ ನ್ಯೂಟ್ರಲ್ ಆರಿಸಿ ಬೆಳಕನ್ನು ಸ್ವಲ್ಪ ಇಳಿಸಿದ ಕೂಡಲೇ ಚೌಕುಳಿಗಳು ಎದ್ದು ಬಂದವು. ಮುಖದ ಮೇಲೆ ಒಂದು ಕಲರ್ ಕಂಟ್ರೋಲ್ ಪಾಯಿಂಟ್ ಇಟ್ಟು ಅಲ್ಲಿಗೆ ಮಾತ್ರ ಬೆಳಕು ಕೊಟ್ಟೆ. ಹಾವೇರಿ ಸರ್ ಕೈ ಅಡ್ಡ ಹಿಡಿಯುತ್ತಿದ್ದದ್ದು ಇದೇ ಇರಬೇಕು ಎನ್ನಿಸಿತು. ಡಾರ್ಕ್‌ಟೇಬಲ್ ಕೂಡ ಹಾಕಿಕೊಂಡಿದ್ದೇನೆ. 8 ಜಿಬಿಯಲ್ಲಿ ನಿಧಾನ, ಡಿನಾಯ್ಸ್ ಹಾಕಿದಾಗ ಫ್ಯಾನ್ ಜೋರಾಗಿ ತಿರುಗುತ್ತದೆ, ಆದರೂ ನಡೆಯುತ್ತದೆ. ಬೇಸಿಗೆ ರಜೆಯಲ್ಲಿ ಅದನ್ನು ಕೂತು ಕಲಿಯುವುದು ಎಂದು ತೀರ್ಮಾನಿಸಿದ್ದೇನೆ. ಭಾಗವತರ ಪಂಚೆಯ ಉಪಾಯ ಎರಡರಲ್ಲಿಯೂ ಫಲಿಸಿತು. ಡಿಸ್ಕ್ ಒಂದು ಬಂದಿದೆ, ಇನ್ನೊಂದು ಮುಂದಿನ ಸಂಬಳಕ್ಕೆ.

ಮೊನ್ನೆ ಶಿವಮೊಗ್ಗದಲ್ಲಿ ಒಂದು 12×18 ಪ್ರಿಂಟ್ ಹಾಕಿಸಿ, ಚಿತ್ರದಲ್ಲಿದ್ದ ಹಿರಿಯ ವೇಷಧಾರಿಯ ಮನೆಗೇ ತೆಗೆದುಕೊಂಡು ಹೋದೆ. ಎಪ್ಪತ್ತು ದಾಟಿದವರು. ಕನ್ನಡಕ ಹಾಕಿಕೊಂಡು ಅಂಗಳದ ಬೆಳಕಿಗೆ ಬಂದು ಬಹಳ ಹೊತ್ತು ನೋಡಿದರು. ತಮ್ಮ ಮುಖವನ್ನಲ್ಲ, ಸೀರೆಯನ್ನು. ಆಮೇಲೆ ಹೆಂಡತಿಯನ್ನು ಕೂಗಿ, ಮೊಣಕಾಲಿನ ಹತ್ತಿರ ಬೆರಳಿಟ್ಟು, “ನೀನು ಹೊಲಿದ ತೇಪೆ ಕಾಣುತ್ತದೆ ನೋಡು” ಎಂದರು.